ಹದಿನೈದು ನಿಮಿಷದ ಕಾರ್ಡು, ಆರನೇ ದಿನದ ಜ್ವರ

ನಮ್ಮ ಆಸ್ಪತ್ರೆಯ ಪೋರ್ಟಿಕೋದಲ್ಲಿ ಒಂದು ಕಬ್ಬಿಣದ ಟೇಬಲ್ ಇದೆ. ಅದರ ಒಂದು ಕಾಲು ಗಿಡ್ಡ. ಅಡಿಗೆ ಗ್ಲೌಸಿನ ಖಾಲಿ ಡಬ್ಬ ಮಡಚಿ ಇಟ್ಟಿದ್ದೇವೆ. ಟೇಬಲ್ ಓರೆಯಾದರೆ ಅದರ ಮೇಲಿಟ್ಟ ಜ್ವರ ಪರೀಕ್ಷೆಯ ಕಾರ್ಡೂ ಓರೆ, ಕಾರ್ಡ್ ಓರೆಯಾದರೆ ಹಾಕಿದ ಹನಿ ಒಂದೇ ಬದಿಗೆ ಹರಿದು ಗೆರೆ ನೆಟ್ಟಗೆ ಮೂಡೋದಿಲ್ಲ. ಜ್ವರದ ಕಾಲದಲ್ಲಿ ನನ್ನ ಅರ್ಧ ಡ್ಯೂಟಿ ಆ ಟೇಬಲ್ಲಿನ ಹಿಂದೆಯೇ ಮುಗಿಯುತ್ತದೆ. ಕುಮಟಾ ಕಡೆಯ ಆಸ್ಪತ್ರೆ, ಹೆಸರು ಬೇಡ. ನಾನು ಸ್ಟಾಫ್ ನರ್ಸ್, ಊರು ಅಂಕೋಲಾ. 2024ರ ಜುಲೈಯಲ್ಲಿ ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಅದಕ್ಕೆ ಮೊದಲು ಈ ಟೇಬಲ್ ಅಲ್ಲಿಗೆ ಯಾಕೆ ಬಂತು ಅಂತ ಹೇಳಬೇಕು.

2020ರ ಮಾರ್ಚ್ ನೆನಪಿದೆಯಲ್ವಾ? ನಮ್ಮ ಜಿಲ್ಲೆಯಲ್ಲಿ ಮೊದಲು ಕೋವಿಡ್ ಸಿಕ್ಕಿದ್ದು ಭಟ್ಕಳದಲ್ಲಿ, ಅವರನ್ನು ಕಾರವಾರದ ನೌಕಾಪಡೆಯ ಆಸ್ಪತ್ರೆ ಪತಂಜಲಿಗೆ ಒಯ್ದಿದ್ದರು. ಆಗ ನಮ್ಮಂಥ ಸಣ್ಣ ಆಸ್ಪತ್ರೆಗೆ ಯಾರಾದರೂ ಕೆಮ್ಮು ಜ್ವರ ಅಂತ ಬಂದರೆ ಮೂಗಿನಿಂದ ಸ್ವಾಬ್ ತೆಗೆದು ದೂರದ ಲ್ಯಾಬಿಗೆ ಕಳಿಸಿ ಕಾಯೋದೊಂದೇ ದಾರಿ. ಕಾಯೋದು ಎಲ್ಲಿ? ಶಂಕಿತರ ವಾರ್ಡಿನಲ್ಲಿ. ಅದರೊಳಗೆ ಕಾಯಿಲೆ ಇದ್ದವರೂ ಇದ್ದರು, ಸುಮ್ನೆ ಮಳೆಯಲ್ಲಿ ನೆನೆದು ನೆಗಡಿಯಾದವರೂ ಇದ್ದರು. ಎಲ್ಲರಿಗೂ ಒಂದೇ ಬಚ್ಚಲು. ಎರಡು ದಿನ ಬಿಟ್ಟು ರಿಪೋರ್ಟ್ ಬರುವ ಹೊತ್ತಿಗೆ, ಇಲ್ಲ ಅಂತ ಬಂದವನಿಗೂ ನಿಜವಾಗಿ ಇಲ್ಲ ಅಂತ ಹೇಳೋ ಧೈರ್ಯ ನಮಗಿರಲಿಲ್ಲ. ಹೊರಗೆ ಇಲ್ಲದ್ದು ನಮ್ಮ ವಾರ್ಡಿನೊಳಗೇ ಅವನಿಗೆ ಅಂಟಿರಬಹುದಿತ್ತು.

ಆ ವರ್ಷ ಜೂನ್‌ನಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್, ವೈರಸ್ಸಿನ ಪ್ರೋಟೀನು ಹುಡುಕುವ ಆಂಟಿಜೆನ್ ಕಾರ್ಡಿಗೆ ಒಪ್ಪಿಗೆ ಕೊಟ್ಟಿತು. ಸ್ವಾಬನ್ನು ದ್ರಾವಣದ ಟ್ಯೂಬಿನೊಳಗೆ ತಿರುಗಿಸಿ ಹಿಂಡಿ, ಹನಿ ಹಾಕಿ ಹದಿನೈದು ನಿಮಿಷ ಕಾದರೆ ಆಯ್ತು, ರೋಗಿ ಎದುರಿನ ಬೆಂಚಿನಲ್ಲಿ ಕೂತಿರುವಾಗಲೇ ಗೊತ್ತಾಗುತ್ತಿತ್ತು. ಆದರೆ ಒಂದು ಷರತ್ತಿತ್ತು. ಪಾಸಿಟಿವ್ ಬಂದರೆ ನಂಬಬಹುದು. ಲಕ್ಷಣ ಇದ್ದೂ ನೆಗೆಟಿವ್ ಬಂದರೆ ನಂಬೋ ಹಾಗಿಲ್ಲ, ಆರ್‌ಟಿಪಿಸಿಆರ್‌ಗೆ ಅಂದರೆ ದೂರದ ಲ್ಯಾಬಿನ ಪರೀಕ್ಷೆಗೆ ಕಳಿಸಲೇಬೇಕು. ಈ ಷರತ್ತನ್ನು ನಾನು ಟ್ರೇನಿಂಗಿನಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡದ್ದೆಲ್ಲ ತಲೆಗೆ ಇಳಿದಿರುತ್ತದೆ ಅಂತೇನಿಲ್ಲ.

ನಮ್ಮ ಡಾಕ್ಟ್ರು ಆಗ ಒಂದು ವಿಷಯ ಹೇಳಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ ಆಸ್ಪತ್ರೆಯಲ್ಲಿ 2020ರಲ್ಲೇ ಬಾಗಿಲ ಹತ್ತಿರ ಒಂದು ಪಿಸಿಆರ್ ಯಂತ್ರ ಇಟ್ಟು ನೋಡಿದ್ದರಂತೆ. ಲ್ಯಾಬಿಗೆ ಕಳಿಸಿದವರ ರಿಪೋರ್ಟ್ ಬರೋಕೆ ಸುಮಾರು 21 ಗಂಟೆ, ಪಕ್ಕದಲ್ಲೇ ಮಾಡಿದವರದ್ದು ಎರಡು ಗಂಟೆಯೊಳಗೆ. ಸರಿಯಾದ ವಾರ್ಡಿಗೆ ಹೋಗಿ ಮಲಗೋಕೆ ಒಂದು ಗುಂಪಿಗೆ 28 ಗಂಟೆ ದಾಟಿತ್ತು, ಇನ್ನೊಂದಕ್ಕೆ 8 ಗಂಟೆ. "ಟೆಸ್ಟ್ ಬೇಗ ಬಂತು ಅನ್ನೋದಲ್ಲ ಸಿಸ್ಟರ್, ಮಂಚ ಬೇಗ ಸಿಕ್ತು ಅನ್ನೋದು ನೋಡಿ" ಅಂದಿದ್ದರು. ಅಂಥ ಯಂತ್ರ ನಮ್ಮ ಬಾಗಿಲಿಗೆ ಬರಲಿಲ್ಲ. ಟಿಬಿಗೆ ಅಂತ ಬಂದ ಟ್ರೂನ್ಯಾಟ್ ಅನ್ನೋದೊಂದು ಇದೆ, ನಮ್ಮ ಪಕ್ಕದ ಗೋವಾದ ಕಂಪನಿಯದೇ, ಬ್ಯಾಟರಿಯಲ್ಲೂ ಓಡುತ್ತದೆ, ಗಂಟೆಯೊಂದರಲ್ಲಿ ಹೇಳುತ್ತದೆ, ಕೋವಿಡ್ ಹೊತ್ತಿನಲ್ಲಿ ಜಿಲ್ಲೆಗಳಲ್ಲಿ ತುಂಬಾ ಕೆಲಸಕ್ಕೆ ಬಂತು. ಆದರೆ ಅದು ಲ್ಯಾಬಿನವರ ಕೈಯಲ್ಲಿ. ಪೋರ್ಟಿಕೋದ ಟೇಬಲ್ಲಿಗೆ ಬಂದದ್ದು ಕಾರ್ಡುಗಳು ಮಾತ್ರ.

ಕೋವಿಡ್ ಇಳಿಯಿತು, ಟೇಬಲ್ ಮಾತ್ರ ಅಲ್ಲೇ ಉಳಿಯಿತು. ಈಗ ಅದರ ಮೇಲೆ ನಾಲ್ಕು ಬಗೆಯ ಕಾರ್ಡು ಇರುತ್ತವೆ. ಡೆಂಗಿ, ಮಲೇರಿಯಾ, ಕೋವಿಡ್, ಸ್ಟಾಕ್ ಇದ್ದರೆ ಇಲಿ ಜ್ವರ. ಇಲಿ ಜ್ವರ ವೈರಸ್ಸಿನದ್ದಲ್ಲ, ಆದರೆ ಗದ್ದೆ ನೆಟ್ಟಿಯ ಕಾಲದಲ್ಲಿ ಅದೂ ಡೆಂಗಿಯ ಹಾಗೆಯೇ ಬರುತ್ತದೆ. ಮೈಕೈ ನೋವು, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕೂಗುತ್ತಾರೆ. ಅದಕ್ಕೆ ಆಂಟಿಬಯಾಟಿಕ್ ಬೇಕು, ಡೆಂಗಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಹಾಗಾಗಿ ಬಾಗಿಲಲ್ಲೇ ಬೇರೆ ಮಾಡೋದು ಮುಖ್ಯ. ಮಂಗನ ಕಾಯಿಲೆಗೆ ಮಾತ್ರ ನಮ್ಮ ಟೇಬಲ್ ಮೇಲೆ ಕಾರ್ಡಿಲ್ಲ. ಅದು ಮಳೆಗಾಲದ್ದಲ್ಲ, ಡಿಸೆಂಬರಿನಿಂದ ಮೇವರೆಗಿನದ್ದು, ಘಟ್ಟದ ಮೇಲೆ ಸಿದ್ದಾಪುರದ ಕಡೆ ಜಾಸ್ತಿ. ಆ ಕಾಲದಲ್ಲಿ ಯಾರಾದರೂ ಬಂದರೆ ಮೊದಲ ಪ್ರಶ್ನೆ, ದರಕು (ಒಣಗಿದ ಎಲೆ) ತರೋಕೆ ಬೆಟ್ಟಕ್ಕೆ ಹೋಗಿದ್ರಾ, ಉಣುಗು ಕಚ್ಚಿತ್ತಾ ಅಂತ. ಹೌದು ಅಂದರೆ ರಕ್ತ ಶಿವಮೊಗ್ಗದ ಲ್ಯಾಬಿಗೆ.

ಕಾರ್ಡ್ ಹಾಕೋದು ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹನಿ ಹಾಕು, ಕಾಯು, ನೋಡು. ಕರಾವಳಿಯ ಜುಲೈಯಲ್ಲಿ ಬಂದು ಮಾಡಿ ನೋಡಿ. ಗೋಡೆ ಬೆವರುತ್ತಿರುತ್ತದೆ. ಕಾರ್ಡಿನ ಲಕೋಟೆಯೊಳಗೆ ತೇವ ಹೀರೋ ಸಣ್ಣ ಪೊಟ್ಟಣ ಸುಮ್ನೆ ಇಟ್ಟಿರೋದಲ್ಲ. ಒಂದು ಸೋಮವಾರ ಸರದಿ ಬಾಗಿಲ ಹೊರಗೆ ಮಳೆಯವರೆಗೂ ಹೋಗಿತ್ತು, ಬೇಗ ಆಗಲಿ ಅಂತ ನಮ್ಮ ಹುಡುಗಿಯೊಬ್ಬಳು ಹತ್ತು ಲಕೋಟೆ ಒಟ್ಟಿಗೇ ಹರಿದು ಸಾಲಾಗಿ ಜೋಡಿಸಿಟ್ಟಳು, ಊಟಕ್ಕೆ ಎಲೆ ಹಾಕಿದ ಹಾಗೆ. ಕೊನೆಯ ಮೂರು ಕಾರ್ಡುಗಳಲ್ಲಿ, ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆಯೇ ಬರಲಿಲ್ಲ. ಕಂಟ್ರೋಲ್ ಗೆರೆ ಇಲ್ಲ ಅಂದರೆ ಆ ಕಾರ್ಡ್ ಏನೂ ಹೇಳಲಿಲ್ಲ ಅಂತ ಅರ್ಥ, ನೆಗೆಟಿವ್ ಅಂತಲ್ಲ. ಮೂರು ಜನರಿಗೆ ಮತ್ತೆ ಚುಚ್ಚಿದೆವು. ಅದರಲ್ಲಿ ಒಬ್ಬಳು ಹಾಲಕ್ಕಿ ಅಜ್ಜಿ. "ಎಂತಾ ತಂಗಿ, ಒಮ್ಮೆ ತೆಗ್ದ ರಕ್ತ ಎಲ್ಲಿ ಚೆಲ್ಲಿದ್ಯೆ?" ಅಂತ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನು ಹೊತ್ತು. ಡೆಂಗಿ ಕಾರ್ಡನ್ನು ಹದಿನೈದರಿಂದ ಇಪ್ಪತ್ತು ನಿಮಿಷದೊಳಗೆ ಓದಬೇಕು. ಬೇಗ ಓದಿದರೆ ಬರಬೇಕಾದ ಗೆರೆ ಬಂದಿರೋದಿಲ್ಲ. ತಡವಾಗಿ ಓದಿದರೆ ಇಲ್ಲದ ಗೆರೆ ನೆರಳಿನ ಹಾಗೆ ಮೂಡಿರುತ್ತದೆ. ಏಳು ಜನರ ಕಾರ್ಡ್ ಏಳು ಬೇರೆ ಹೊತ್ತಿಗೆ ಶುರುವಾಗಿರುವಾಗ, ನಡುವೆ ಹೆರಿಗೆ ನೋವಿನವಳೊಬ್ಬಳು ಆಟೋದಲ್ಲಿ ಬಂದರೆ, ಲೆಕ್ಕ ಎಲ್ಲಿ ಇಟ್ಟುಕೊಳ್ತೀರಿ? ಮೊದಮೊದಲು ಮೊಬೈಲಿನ ಅಲಾರಂ ಇಡುತ್ತಿದ್ದೆ, ಯಾವ ಅಲಾರಂ ಯಾರದ್ದು ಅಂತ ಮರೆತುಹೋಗುತ್ತಿತ್ತು. ಈಗ ಹನಿ ಹಾಕಿದ ತಕ್ಷಣ ಕಾರ್ಡಿನ ಮೇಲೆಯೇ ಮಾರ್ಕರಿನಲ್ಲಿ ಹೊತ್ತು ಬರೆಯುತ್ತೇನೆ, ಜೊತೆಗೆ ಹೊರರೋಗಿ ಚೀಟಿಯ ನಂಬರು. ಹೆಸರು ಸಾಲದು. ನಮ್ಮ ಕಡೆ ಒಂದೇ ಕೇರಿಯಿಂದ ಒಂದೇ ಹೆಸರಿನವರು ಮೂರು ಜನ ಬರುತ್ತಾರೆ. ತೆಳು ಗೆರೆಯೂ ಗೆರೆಯೇ, ಕಂಡರೆ ಪಾಸಿಟಿವ್. ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಿಡಿದು ಇಬ್ಬರು ನೋಡುತ್ತೇವೆ, ಒಬ್ಬಳೇ ತೀರ್ಮಾನ ಮಾಡೋದಿಲ್ಲ.

ಇಷ್ಟೆಲ್ಲಾ ಹುಷಾರಾಗಿದ್ದೂ ನಾನು ಎಡವಿದೆ. ಕಾರ್ಡ್ ಹಾಕೋದರಲ್ಲಿ ಅಲ್ಲ.

2024ರಲ್ಲಿ ರಾಜ್ಯದ ತುಂಬಾ ಡೆಂಗಿ ಜೋರಾಗಿತ್ತು. ಖಾಸಗಿ ಲ್ಯಾಬುಗಳಲ್ಲಿ ಕಾರ್ಡ್ ಟೆಸ್ಟಿಗೆ 250 ರೂಪಾಯಿ, ಲ್ಯಾಬಿನಲ್ಲಿ ಮಾಡುವ ಎಲೈಸಾ ರಕ್ತ ಪರೀಕ್ಷೆ ಒಂದಕ್ಕೆ 300, ಅದಕ್ಕಿಂತ ಜಾಸ್ತಿ ತಗೊಳ್ಳಬಾರದು ಅಂತ ಜುಲೈ ಮೊದಲ ವಾರ ಸರ್ಕಾರ ದರ ಗೊತ್ತುಮಾಡಿತ್ತು. ಆದರೂ ಜನ ನಮ್ಮಲ್ಲಿಗೇ ಬರುತ್ತಿದ್ದರು. ನಮ್ಮಲ್ಲಿ ಕಾರ್ಡ್ ಪಾಸಿಟಿವ್ ಬಂದರೂ ಸರ್ಕಾರದ ಲೆಕ್ಕಕ್ಕೆ ಅದು ಡೆಂಗಿ ಅಲ್ಲ, ಎಲೈಸಾ ಆಗಬೇಕು, ಅದಕ್ಕೆ ರಕ್ತ ಕಾರವಾರಕ್ಕೆ ಹೋಗಬೇಕು. ಜುಲೈ 16, ಮಂಗಳವಾರ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಮುಚ್ಚಿತು. ನಮ್ಮ ಕಡೆಯಿಂದ ಅಂಕೋಲಾಕ್ಕೆ, ಕಾರವಾರಕ್ಕೆ ನೇರ ದಾರಿಯೇ ಇಲ್ಲ. ನನ್ನ ತವರು ಗುಡ್ಡದ ಆ ಕಡೆ, ನಾನು ಈ ಕಡೆ. ಮಣ್ಣಿನಡಿ, ಗಂಗಾವಳಿ ಹೊಳೆಯ ನೀರಿನಡಿ ಹೋದವರನ್ನು ಹುಡುಕುತ್ತಿದ್ದ ಸುದ್ದಿ ವಾರ್ಡಿನ ಪ್ರತಿ ಮೊಬೈಲಿನಲ್ಲೂ ಓಡುತ್ತಿತ್ತು. ರಕ್ತದ ಟ್ಯೂಬುಗಳು ಫ್ರಿಜ್ಜಿನಲ್ಲಿ ಕೂತವು. ಆ ವಾರ ಕಾರ್ಡೇ ನಮಗೆ ಎಲ್ಲ. ಅದರಲ್ಲೂ ಎನ್‌ಎಸ್1, ಐಜಿಎಂ ಎರಡೂ ಇರುವ ಜೋಡಿ ಕಾರ್ಡ್ ಖಾಲಿಯಾಗಿ ಬರೀ ಎನ್‌ಎಸ್1 ಉಳಿದಿತ್ತು.

ಇದು ಯಾಕೆ ಮುಖ್ಯ ಅಂದರೆ, ಎನ್‌ಎಸ್1 ಅನ್ನೋದು ವೈರಸ್ಸಿನದ್ದೇ ಒಂದು ಪ್ರೋಟೀನು. ಜ್ವರ ಬಂದ ಮೊದಲ ನಾಲ್ಕೈದು ದಿನ ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ, ಆಮೇಲೆ ಇಳಿಯುತ್ತದೆ. ಅದು ಇಳಿಯೋ ಹೊತ್ತಿಗೆ ಮೈ ತಯಾರು ಮಾಡಿದ ಐಜಿಎಂ ಅನ್ನೋ ಪ್ರತಿಕಾಯ ಏರುತ್ತದೆ. ಹಾಗಾಗಿ ಒಂದೇ ಮನುಷ್ಯ ಮೂರನೇ ದಿನ ಬಂದರೆ ಎನ್‌ಎಸ್1 ಕಾರ್ಡಿನಲ್ಲಿ ಡೆಂಗಿ, ಆರನೇ ದಿನ ಬಂದರೆ ಅದೇ ಕಾರ್ಡಿನಲ್ಲಿ ಏನೂ ಇಲ್ಲ ಅಂತಾಗಬಹುದು. ಇದು ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ.

ಭಾನುವಾರ, 21ನೇ ತಾರೀಕು, ಸಂಜೆ ಆರೂವರೆ. ಬೋಟಿನಲ್ಲಿ ಕೆಲಸ ಮಾಡುವ ಒಬ್ಬರು, ನಲವತ್ತರ ಆಸುಪಾಸು, ಹೆಂಡತಿಯ ಜೊತೆ ಬಂದರು. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ಎರಡು ತಿಂಗಳು ರಜೆ, ಬೋಟುಗಳೆಲ್ಲ ದಡದಲ್ಲಿ ತಾಡಪಾಲು ಹೊದ್ದು ನಿಂತಿರುತ್ತವೆ. ಆ ತಾಡಪಾಲಿನ ಗುಂಡಿಗಳಲ್ಲಿ, ಬೋಟಿನ ಪಕ್ಕಕ್ಕೆ ಕಟ್ಟಿದ ಹಳೇ ಟಯರುಗಳಲ್ಲಿ ನಿಂತ ಮಳೆನೀರು ಡೆಂಗಿ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಇವರು ಅಲ್ಲೇ ಕೂತು ಬಲೆ ಹೊಲಿಯುವವರು. ಇದನ್ನು ನಾನು ಆಮೇಲೆ ಯೋಚಿಸಿದ್ದು.

"ಎಷ್ಟು ದಿನದಿಂದ ಜ್ವರ ಅಣ್ಣ?" ಅಂದೆ. "ಮೂರ್ನಾಲ್ಕು ದಿನ ಇರಬೇಕು ಸಿಸ್ಟರ್, ಈಗ ಬಿಟ್ಟದೆ. ಇವಳು ಸುಮ್ನೆ ಎಳ್ಕೊಂಡು ಬಂದ್ಲು." ಥರ್ಮಾಮೀಟರ್ 98.8 ತೋರಿಸಿತು. ಆಮ್ಲಜನಕ 98. ನಾಡಿ 108. ಬಿಪಿ 100/80. ಹೊಟ್ಟೆ ಸ್ವಲ್ಪ ನೋವು, ಬೆಳಿಗ್ಗೆಯಿಂದ ಎರಡು ಸಲ ವಾಂತಿ. ಕಾರ್ಡ್ ಹಾಕಿದೆ, ಹದಿನೇಳನೇ ನಿಮಿಷಕ್ಕೆ ಓದಿದೆ. ಕಂಟ್ರೋಲ್ ಗೆರೆ ಗಟ್ಟಿ, ಇನ್ನೊಂದು ಗೆರೆ ಇಲ್ಲ. ಮಲೇರಿಯಾ ಇಲ್ಲ. ಕೋವಿಡ್ ಇಲ್ಲ. ರಿಜಿಸ್ಟರಿನಲ್ಲಿ ಬರೆದೆ, 'ಎನ್‌ಎಸ್1 ನೆಗೆಟಿವ್'. ಕೈ ಅಲ್ಲಿಗೇ ನಿಂತಿತು, ತಲೆಯೂ. ಜನರಲ್ ವಾರ್ಡಿನ ಕೊನೆಯ ಮಂಚ, ಜಗಲಿಯ ಬಾಗಿಲ ಹತ್ತಿರ. ವಾಂತಿ ಇದೆಯಲ್ಲ, ಒಂದು ರಾತ್ರಿ ಇರಲಿ ಅಂತ. ಸೊಳ್ಳೆ ಪರದೆ ಇರುವ, ನರ್ಸಿನ ಮೇಜಿಗೆ ಕಾಣುವ ನಾಲ್ಕು ಮಂಚ ಡೆಂಗಿಯವರಿಗೆ ಅಂತ ಇಟ್ಟಿದ್ದೆವು. ಅದರಲ್ಲಿ ಒಂದು ಖಾಲಿಯೇ ಇತ್ತು.

ಡಾಕ್ಟ್ರು ಆಗ ಒಬ್ಬರೇ, ಅಪಘಾತದ ಕೇಸಿನಲ್ಲಿ ಸಿಕ್ಕಿಕೊಂಡಿದ್ದರು. ನನ್ನ ಚೀಟಿ ನೋಡಿ, ಸಾದಾ ವೈರಲ್ ಫೀವರ್ ಅಂತ ಒಂದು ಡ್ರಿಪ್, ಒಂದು ವಾಂತಿ ಇಂಜೆಕ್ಷನ್ ಬರೆದು ಹೋದರು. ಅವರನ್ನು ದೂರೋದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ನಾನು ಬರೆದ ಎರಡು ಪದ.

ರಾತ್ರಿ ಹನ್ನೆರಡೂಮುಕ್ಕಾಲು. ಹೆಂಡತಿ ಮೇಜಿನ ಹತ್ತಿರ ಬಂದು, "ಇವ್ರ ಕೈಕಾಲು ಮಂಜಿನ ಹಾಗೆ ಆಗಿದೆ, ಫ್ಯಾನ್ ಬಂದ್ ಮಾಡ್ಲಾ?" ಅಂತ ಕೇಳಿದರು. ಹೋಗಿ ಮುಟ್ಟಿದೆ. ತಣ್ಣಗೆ, ಬೆವರು. ನಾಡಿ 124, ದಾರದ ಹಾಗೆ. ಬಿಪಿ 90/76. ಆ ಎರಡು ಅಂಕೆ ನೋಡಿದ ಮೇಲೆ ಸಂಜೆಯ ಎರಡು ಅಂಕೆ ನೆನಪಾಯಿತು. 100/80. ಮೇಲಿನದ್ದಕ್ಕೂ ಕೆಳಗಿನದ್ದಕ್ಕೂ ಅಂತರ ಇಪ್ಪತ್ತು. ಡೆಂಗಿಯಲ್ಲಿ ಆ ಅಂತರ ಇಪ್ಪತ್ತಕ್ಕೆ ಇಳಿದರೆ ಅದು ರಕ್ತದ ಓಟ ಕುಸಿಯುವ ಶಾಕ್‌ನ ಮೊದಲ ಮೆಟ್ಟಿಲು. ಮೇಲಿನ ಅಂಕೆ ನೂರು ಇದೆಯಲ್ಲ ಅಂತ ನಾನು ಸಮಾಧಾನಪಟ್ಟುಕೊಂಡಿದ್ದೆ.

ಡಾಕ್ಟ್ರು ಓಡಿ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ, "ಜ್ವರ ಶುರುವಾಗಿದ್ದು ಯಾವತ್ತು? ದಿನ ಹೇಳಿ, ಎಷ್ಟು ದಿನ ಅಂತಲ್ಲ." ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. "ಶಿರೂರಲ್ಲಿ ಗುಡ್ಡ ಬಿದ್ದ ದಿನ. ಇವರು ಕಂಬಳಿ ಹೊದ್ಕೊಂಡೇ ಟಿವಿ ನೋಡ್ತಾ ಇದ್ರು." ಮಂಗಳವಾರದಿಂದ ಭಾನುವಾರ. ಆರನೇ ದಿನ.

ಜ್ವರ ಬಿಟ್ಟದೆ ಅಂತ ಅವರು ಹೇಳಿದ್ದು ಒಳ್ಳೆ ಸುದ್ದಿ ಆಗಿರಲಿಲ್ಲ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ನೀರು ಸೋರೋಕೆ ಶುರುವಾಗೋದು. ಹೊಟ್ಟೆ ನೋವು, ವಾಂತಿ, ಎಲ್ಲಾ ಪುಸ್ತಕದಲ್ಲಿ ಇದ್ದ ಹಾಗೇ ನನ್ನ ಎದುರಿನ ಸ್ಟೂಲ್ ಮೇಲೆ ಕೂತಿತ್ತು. ನಾನು ಕಾರ್ಡ್ ನೋಡುತ್ತಿದ್ದೆ.

ರಕ್ತ ತೆಗೆದು ಯಂತ್ರಕ್ಕೆ ಹಾಕಿದಾಗ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 52, ಪ್ಲೇಟ್ಲೆಟ್ 38 ಸಾವಿರ. ಜನ ಪ್ಲೇಟ್ಲೆಟ್ ಅಂತಲೇ ಹೆದರುತ್ತಾರೆ, ಪಪ್ಪಾಯಿ ಎಲೆ ಅರೆದು ತರುತ್ತಾರೆ. ಆ ರಾತ್ರಿ ನಮ್ಮನ್ನು ಹೆದರಿಸಿದ್ದು 52. ರಕ್ತ ಗಟ್ಟಿಯಾಗುತ್ತಿದೆ, ನೀರು ಹೊರಗೆ ಹೋಗುತ್ತಿದೆ ಅಂತ ಅರ್ಥ. ಅವರ ತೂಕ 60 ಕೆಜಿ. ಕೆಜಿಗೆ 10 ಎಂಎಲ್ ಲೆಕ್ಕದಲ್ಲಿ ಮೊದಲ ಗಂಟೆಗೆ 600 ಎಂಎಲ್ ಡ್ರಿಪ್ ಬಿಟ್ಟೆವು. ಮಣಿಪಾಲಕ್ಕೆ ಕಳಿಸೋಣವೇ ಅಂತ ಮಾತಾಯಿತು. ನೂರಕ್ಕೂ ಜಾಸ್ತಿ ಕಿಲೋಮೀಟರು, ಹೊರಗೆ ಮಳೆ ಬಕೆಟ್ಟಿನಲ್ಲಿ ಸುರಿದ ಹಾಗೆ. ಈ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಎಷ್ಟು ಕೂಗಿದರು ಅಂತ ನಿಮಗೂ ಗೊತ್ತು, ಅದನ್ನೆಲ್ಲ ಇಲ್ಲಿ ಎಳೆಯೋದಿಲ್ಲ. ಡಾಕ್ಟ್ರು ಒಂದು ಗಂಟೆ ನೋಡೋಣ, ಆಂಬುಲೆನ್ಸ್ ಬಾಗಿಲಲ್ಲಿ ನಿಂತಿರಲಿ ಅಂದರು.

ಹದಿನೈದು ನಿಮಿಷಕ್ಕೊಮ್ಮೆ ಬಿಪಿ. ಕಾರ್ಡಿಗೆ ಕಾಯುವ ಹದಿನೈದು ನಿಮಿಷ ಬೇರೆ, ಇದು ಬೇರೆ. 94/74. 98/72. ಒಂದೂಮುಕ್ಕಾಲಿಗೆ 106/74, ಕೈ ಸ್ವಲ್ಪ ಬೆಚ್ಚಗೆ. ಡ್ರಿಪ್ ನಿಧಾನಕ್ಕೆ ಇಳಿಸುತ್ತಾ ಬಂದೆವು, ಜಾಸ್ತಿ ನೀರು ಕೊಟ್ಟರೆ ಅದು ಎದೆಯಲ್ಲಿ ಹೋಗಿ ಕೂರುತ್ತದೆ. ಬೆಳಗಿನ ಜಾವ ಅವರು ಎದ್ದು, ಮೂತ್ರಕ್ಕೆ ಹೋಗಬೇಕು ಅಂದರು. ಆ ಮಾತು ಕೇಳಿ ಅಷ್ಟು ಖುಷಿಪಟ್ಟದ್ದು ನನ್ನ ಸರ್ವಿಸಿನಲ್ಲೇ ಮೊದಲು. ಬೆಳಿಗ್ಗೆ ಹೆಮಟೋಕ್ರಿಟ್ 44.

ಆಮೇಲೆ ಜೋಡಿ ಕಾರ್ಡ್ ಬಂತು, ಐಜಿಎಂ ಗೆರೆ ದಪ್ಪಗೆ ಮೂಡಿತು. ಆಸ್ಪತ್ರೆಗೆ ಬಂದ ಐದನೇ ದಿನ ಅವರು ಮನೆಗೆ ಹೋದರು.

ಮರುದಿನ ಡಾಕ್ಟ್ರು ಬೈಯಲಿಲ್ಲ. ಬೈದಿದ್ದರೆ ಒಳ್ಳೇದಿತ್ತು. ರಿಜಿಸ್ಟರ್ ತರಿಸಿ, ಸ್ಕೇಲ್ ಇಟ್ಟು, ಫಲಿತಾಂಶದ ಕಾಲಮ್ಮಿಗೆ ಮೊದಲು ಇನ್ನೊಂದು ಕಾಲಮ್ ಗೆರೆ ಎಳೆದರು. 'ಜ್ವರ ಶುರುವಾದ ವಾರ'. ಎಷ್ಟು ದಿನ ಅಂತಲ್ಲ, ಯಾವ ವಾರ, ಸೋಮವಾರವೋ ಮಂಗಳವಾರವೋ ಅಂತ. ಅದು ತುಂಬದೆ ಕಾರ್ಡಿನ ಲಕೋಟೆ ಹರಿಯೋ ಹಾಗಿಲ್ಲ. ಜನರಿಗೆ ತಾರೀಕು ನೆನಪಿರೋದಿಲ್ಲ, ಸಂತೆ, ಹುಣ್ಣಿಮೆ, ತಂಗಿಯ ಸೀಮಂತ ನೆನಪಿರುತ್ತದೆ. ಅದನ್ನೇ ಕೇಳಬೇಕು. ಇನ್ನೊಂದು, ಮಂಚ ಯಾವುದು ಅಂತ ಈಗ ಕಾರ್ಡಿಗೆ ಮೊದಲೇ ಅರ್ಧ ತೀರ್ಮಾನ ಆಗಿರುತ್ತದೆ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಬಿಪಿಯ ಅಂತರ ಕಡಿಮೆ, ಇದರಲ್ಲಿ ಒಂದಿದ್ದರೂ ಕಾರ್ಡ್ ಏನೇ ಹೇಳಲಿ ನರ್ಸಿನ ಎದುರಿನ ಮಂಚ. ಬಸುರಿಯರಿಗೂ ಹಾಗೇ.

ಕಾರ್ಡ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದೇ ತಿಂಗಳು ಸಕ್ಕರೆ ಕಾಯಿಲೆಯ ಒಬ್ಬ ಅಮ್ಮ ಏದುಸಿರು ಬಿಡುತ್ತಾ ಬಂದಿದ್ದರು, ಹೆಂಗಸರ ವಾರ್ಡಿನಲ್ಲಿ ಖಾಲಿ ಇದ್ದದ್ದು ಸಿಸೇರಿಯನ್ ಆದ ಬಾಣಂತಿಯ ಪಕ್ಕದ ಮಂಚ ಒಂದೇ. ಹದಿನೈದು ನಿಮಿಷ ಪೋರ್ಟಿಕೋದಲ್ಲೇ ಆಕ್ಸಿಜನ್ ಹಾಕಿ ಕೂರಿಸಿದೆವು, ಕೋವಿಡ್ ಗೆರೆ ಬಂತು, ಬೇರೆ ಕೋಣೆಗೆ ಹೋದರು. ಕಾರ್ಡ್ ಇಲ್ಲದಿದ್ದರೆ ಆ ಕೂಸಿನ ಪಕ್ಕವೇ ಮಲಗಿಸುತ್ತಿದ್ದೆವು. ಹೌದು ಅಂತ ಹೇಳುವಾಗ ಅದರ ಮಾತು ಕೇಳುತ್ತೇನೆ. ಇಲ್ಲ ಅಂದಾಗ ಮತ್ತೊಮ್ಮೆ ರೋಗಿಯ ಮುಖ ನೋಡುತ್ತೇನೆ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಆ ಬೋಟಿನವರ ಹೆಂಡತಿ ಬಂದರು, ಈ ಸಲ ಮಗನ ಜೊತೆ. ಹುಡುಗ ಎಂಟೋ ಒಂಬತ್ತೋ ಕ್ಲಾಸು, ಕಣ್ಣು ಕೆಂಪಗಾಗಿತ್ತು, ಮೈ ಸುಡುತ್ತಿತ್ತು. ನಾನು ಪೆನ್ನು ಎತ್ತುವ ಮೊದಲೇ ಅವರು ಶುರು ಮಾಡಿದರು. "ಸೋಮವಾರ ಶಾಲೆಯಿಂದ ಬಂದವ ಮಲಗಿದ ಸಿಸ್ಟರ್. ಸಂಜೆ ನಾಲ್ಕೂವರೆಗೆ. ಇವತ್ತು ಬುಧವಾರ, ಮೂರನೇ ದಿನ. ವಾಂತಿ ಇಲ್ಲ. ಹೊಟ್ಟೆ ನೋವು ಇಲ್ಲ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಎಂತದ್ದೂ ಕೊಡ್ಲಿಲ್ಲ."

ಬರೆದುಕೊಂಡೆ. ಬಿಪಿ ನೋಡಿದೆ, 104/66. ಲಕೋಟೆ ಹರಿದು, ಹನಿ ಹಾಕಿ, ಕಾರ್ಡಿನ ಮೇಲೆ ಹೊತ್ತು ಬರೆದೆ, 9.40. ಹುಡುಗ ಬಗ್ಗಿ ಕಾರ್ಡನ್ನೇ ನೋಡುತ್ತಿದ್ದ. ಟೇಬಲ್ ಅಲ್ಲಾಡಿಸಬೇಡ ಮಾರಾಯ ಅಂದೆ.